ಕಬ್ಬಿಣದ ದೋಣಿಯೂ ತೊಗಲಿನ ಹರಿಗೋಲೂ

ನಮ್ಮ ಗೋಕುಳ ಶಿರಗಾಂವದ ನೆಲ ಎರಡು ನದಿಗಳ ನಡುವಿನದು. ಉತ್ತರಕ್ಕೆ ಪಂಚಗಂಗೆ, ದಕ್ಷಿಣಕ್ಕೆ ಕಾಗಲ್ಲಿನ ಆಚೆ ದೂಧಗಂಗೆ. ಒಂದು ನರಸೋಬಾವಾಡಿಯಲ್ಲಿ ಕೃಷ್ಣೆಯ ಮಡಿಲು ಸೇರಿದರೆ, ಇನ್ನೊಂದು ವೇದಗಂಗೆಯನ್ನು ಕೂಡಿಕೊಂಡು ಚಿಕ್ಕೋಡಿ ಸೀಮೆಯಲ್ಲಿ ಅದೇ ಕೃಷ್ಣೆಗೆ ಇಳಿಯುತ್ತದೆ. ಮರಾಠಿ ಮಾತಿನ ಊರುಗಳಲ್ಲಿ ಹುಟ್ಟಿ ಕನ್ನಡ ಮಾತಿನ ಊರುಗಳತ್ತ ಹರಿಯುವ ಈ ನೀರಿಗೆ ಗಡಿಯ ಗೊಡವೆಯಿಲ್ಲ. ನದಿ ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂಬುದು ಇಲ್ಲಿಯ ಮಕ್ಕಳಿಗೂ ತಿಳಿದ ಸಂಗತಿ. ಪುಸ್ತಕ ತೆರೆಯುವ ಮೊದಲೇ ಅಜ್ಜಿಯ ಬಾಯಿಂದ ಅವರು ಅದನ್ನು ಕೇಳಿರುತ್ತಾರೆ.

ಆದರೆ ಒಂದು ನದಿ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಲಿಕ್ಕೆಂದೇ ಒಂದು ರಾಷ್ಟ್ರವು ಹಣ ತೆಗೆದಿರಿಸಿ, ದೋಣಿ ಕಟ್ಟಿಸಿ, ಜನರನ್ನು ಆಯ್ದು ಕಳುಹಿಸಿದ ಕಾಲವೂ ಇತ್ತು. ಅಮೆರಿಕದ ಮಿಸೌರಿ ನದಿಯ ಮೇಲೆ 1804ರಲ್ಲಿ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ಆ ಯಾತ್ರೆಯ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಶಾಲೆಯ ಭೂಗೋಳದಲ್ಲಿ ಓದಿರಬಹುದು. ಯಾತ್ರಿಕರು ಪೆಸಿಫಿಕ್ ಸಾಗರವನ್ನು ಮುಟ್ಟಿ ಬಂದರೆಂಬ ಕೊನೆಯ ಸಾಲು ಎಲ್ಲರ ನೆನಪಿನಲ್ಲಿರುತ್ತದೆ. ಈ ತಿಂಗಳು ನಾವು ಹೇಳಹೊರಟಿರುವುದು ಅದರ ಮೊದಲ ಎರಡು ವರ್ಷಗಳ ಕಥೆ. ಗಡಿಯಲ್ಲಿ ಬಾಳುವ ನಮಗೆ ಅದರಲ್ಲಿ ನಮ್ಮದೇ ಆದ ಕೆಲವು ಸಂಗತಿಗಳು ಕಾಣಸಿಗುತ್ತವೆ.

ಆಗ ಅಮೆರಿಕ ಸಂಯುಕ್ತ ಸಂಸ್ಥಾನವು ಸ್ವಾತಂತ್ರ್ಯ ಪಡೆದು ಇನ್ನೂ ಬಹಳ ಕಾಲವಾಗಿರಲಿಲ್ಲ. ಅದರ ಪಶ್ಚಿಮದ ಎಲ್ಲೆ ಮಿಸ್ಸಿಸ್ಸಿಪ್ಪಿ ನದಿ. ಅದರಾಚೆಯ ನೆಲ ಹೆಸರಿಗೆ ಫ್ರಾನ್ಸ್ ಹಾಗೂ ಸ್ಪೇನ್ ದೇಶಗಳದು. ನಿಜಕ್ಕೆ ಅಲ್ಲಿ ತಲೆತಲಾಂತರದಿಂದ ಬಾಳುತ್ತಿದ್ದ ಮೂಲನಿವಾಸಿಗಳದು. ರಾಷ್ಟ್ರಾಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ 1803ರ ಜನವರಿ 18ರಂದು ಶಾಸನಸಭೆಗೆ ಒಂದು ಗುಪ್ತ ಸಂದೇಶ ಕಳುಹಿಸಿ, ಮಿಸೌರಿ ನದಿಯ ಮೂಲದವರೆಗೆ ಹೋಗಿ ಅಲ್ಲಿಂದ ಪಶ್ಚಿಮ ಸಾಗರಕ್ಕೆ ಜಲಮಾರ್ಗವಿದೆಯೇ ಎಂಬುದನ್ನು ನೋಡಿಬರಲು 2,500 ಡಾಲರುಗಳನ್ನು ಕೇಳಿದನು. ವ್ಯಾಪಾರದ ದಾರಿ ಅವನ ಮೊದಲ ಗುರಿ. ಜೊತೆಗೆ ಗಿಡ, ಪ್ರಾಣಿ, ಹವೆ, ನಕ್ಷತ್ರ, ಜನರ ಭಾಷೆ ಎಲ್ಲವನ್ನೂ ಬರೆದು ತರಬೇಕೆಂಬ ಆಸೆಯೂ ಇತ್ತು. ಮೊದಲು 2,500 ಎಂದ ಲೆಕ್ಕವು ಮುಗಿಯುವಾಗ 38,000 ಡಾಲರುಗಳನ್ನು ಮೀರಿತು. ಸರಕಾರದ ಅಂದಾಜುಪಟ್ಟಿಗಳ ಸ್ವಭಾವ ಆ ದೇಶದಲ್ಲಿಯೂ ಹಾಗೆಯೇ ಎಂದು ಕಂಡು ನಮಗೆ ತುಸು ಸಮಾಧಾನವಾಗುತ್ತದೆ.

ಯಾತ್ರೆಯ ಸಿದ್ಧತೆ ನಡೆದಿರುವಾಗಲೇ, 1803ರ ಏಪ್ರಿಲ್ 30ರಂದು, ನೆಪೋಲಿಯನ್ನನ ಫ್ರಾನ್ಸ್ ತನ್ನ ಲೂಯಿಸಿಯಾನಾ ಪ್ರಾಂತವನ್ನೆಲ್ಲ ಒಂದೂವರೆ ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ದೇಶದ ಹರವು ಒಂದೇ ಕಾಗದದಿಂದ ಸುಮಾರು ಇಮ್ಮಡಿಯಾಯಿತು. ಆ ನೆಲದಲ್ಲಿ ಮನೆ ಕಟ್ಟಿ, ಬಿತ್ತಿ ಬೆಳೆದು, ಮಕ್ಕಳನ್ನು ಸಾಕುತ್ತಿದ್ದವರನ್ನು ಈ ಮಾರಾಟದ ವಿಷಯವಾಗಿ ಯಾರೂ ಕೇಳಲಿಲ್ಲ. ದೂರದ ಕಚೇರಿಯಲ್ಲಿ ಎಳೆದ ಒಂದು ಗೆರೆಯಿಂದ ತಮ್ಮ ಮನೆ ಯಾವ ಸೀಮೆಯದಾಯಿತೆಂಬುದನ್ನು ಬೆಳಗಾದ ಮೇಲೆ ತಿಳಿಯುವವರ ಸ್ಥಿತಿ ಎಂಥದೆಂದು ಗಡಿಭಾಗದ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಯಾತ್ರೆಯ ನಾಯಕತ್ವ ಜೆಫರ್ಸನ್ನನ ಆಪ್ತ ಕಾರ್ಯದರ್ಶಿಯಾಗಿದ್ದ ಮೆರಿವೆದರ್ ಲೂಯಿಸನ ಪಾಲಿಗೆ ಬಂದಿತು. ಅವನಿಗಾಗ ಇಪ್ಪತ್ತೆಂಟು ವಯಸ್ಸು. ಕಾಡುಮೇಡು ಬಲ್ಲ ಸೈನಿಕನಾಗಿದ್ದರೂ ಶಾಸ್ತ್ರಜ್ಞಾನ ಸಾಲದೆಂದು ಅವನನ್ನು ಫಿಲಡೆಲ್ಫಿಯಾ ನಗರಕ್ಕೆ ಕಳುಹಿಸಲಾಯಿತು. ವೈದ್ಯ ಬೆಂಜಮಿನ್ ರಶ್, ಸಸ್ಯಶಾಸ್ತ್ರಜ್ಞ ಬಾರ್ಟನ್ ಮುಂತಾದ ಪಂಡಿತರ ಬಳಿ ಅವನು ಕೆಲವು ವಾರ ಪಾಠ ಕೇಳಿದನು. ನಕ್ಷತ್ರ ನೋಡಿ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಗುಣಿಸುವುದನ್ನು ಕಲಿತನು. ಅವನು ಕೊಂಡ ಸಾಮಾನುಗಳ ಯಾದಿಯನ್ನು ಓದುವುದೇ ಒಂದು ಸ್ವಾರಸ್ಯ. ಬಂದೂಕು, ಮದ್ದು, ದಿಕ್ಸೂಚಿ. ಕುದಿಸಿ ಬತ್ತಿಸಿ ಗಟ್ಟಿಮಾಡಿದ 193 ಪೌಂಡು ಮಾಂಸದ ಸಾರು. ವೈದ್ಯ ರಶ್ ಕೊಟ್ಟ 600 ಭೇದಿಗುಳಿಗೆಗಳು. ದಾರಿಯಲ್ಲಿ ಸಿಗುವವರಿಗೆ ಕೊಡಲೆಂದು ಸೂಜಿ, ಕನ್ನಡಿ, ಗಾಳ, ಬಣ್ಣದ ಮಣಿ.

ಈ ಎಲ್ಲದರ ಜೊತೆಗೆ ಲೂಯಿಸನ ಮನಸ್ಸಿಗೆ ಬಹು ಮೆಚ್ಚಿನದೊಂದು ವಸ್ತುವಿತ್ತು. ಅದು ಬಿಚ್ಚಿ ಜೋಡಿಸಬಹುದಾದ ಕಬ್ಬಿಣದ ದೋಣಿಯ ಚೌಕಟ್ಟು. ಹಾರ್ಪರ್ಸ್ ಫೆರಿಯ ಸರಕಾರಿ ಶಸ್ತ್ರಾಗಾರದಲ್ಲಿ ಅದನ್ನು ಮಾಡಿಸಲು ಅವನು ಒಂದು ತಿಂಗಳಿಗೂ ಮಿಕ್ಕ ಕಾಲ ಅಲ್ಲಿಯೇ ತಂಗಿದನು. ನದಿಯ ಮೇಲುಭಾಗದಲ್ಲಿ ದೊಡ್ಡ ದೋಣಿ ನಡೆಯದಾದಾಗ ಈ ಚೌಕಟ್ಟನ್ನು ಜೋಡಿಸಿ, ಮೇಲೆ ತೊಗಲು ಹೊದಿಸಿ, ನೀರಿಗೆ ಇಳಿಸುವುದೆಂದು ಅವನ ಯೋಜನೆ. ಮೂವತ್ತಾರು ಅಡಿ ಉದ್ದದ ದೋಣಿಗೆ ಚೌಕಟ್ಟಿನ ತೂಕ ಕೇವಲ 176 ಪೌಂಡು. ಲೋಹದ ಕೆಲಸ ಬಲ್ಲ ನಮ್ಮ ಊರಿನ ಕಾರ್ಖಾನೆಯವರು ಇಂದು ನೋಡಿದರೂ ತಲೆದೂಗುವಂಥ ಕೆಲಸವದು. ಅದು ಮುಂದೆ ಏನಾಯಿತೆಂಬುದನ್ನು ಸಮಯ ಬಂದಾಗ ಹೇಳುತ್ತೇವೆ.

ಮೊದಲ ದೋಣಿಯೇ ತಡವಾಯಿತು. ಪಿಟ್ಸ್‌ಬರ್ಗಿನಲ್ಲಿ 55 ಅಡಿ ಉದ್ದದ ದೊಡ್ಡ ದೋಣಿಯನ್ನು ಕಟ್ಟುತ್ತಿದ್ದ ಮೇಸ್ತ್ರಿ ಕುಡುಕನಾಗಿದ್ದು, ಲೂಯಿಸನು ದಿನವೂ ಅವನ ಬೆನ್ನು ಹತ್ತಬೇಕಾಯಿತು. ಆಗಸ್ಟ್ 31ರ ಬೆಳಿಗ್ಗೆ ಕೆಲಸ ಮುಗಿಯಿತು. ಅದೇ ಮುಂಜಾನೆ ಸಾಮಾನು ಹೇರಿ ದೋಣಿಯನ್ನು ನೀರಿಗೆ ಬಿಟ್ಟರು. ಅಷ್ಟರಲ್ಲಿ ಓಹಾಯೋ ನದಿಯ ನೀರು ಇಳಿದುಹೋಗಿ ದೋಣಿಯ ತಳ ಮರಳಿಗೆ ತಾಗುತ್ತಿತ್ತು. ದಂಡೆಯ ಒಕ್ಕಲಿಗರ ಎತ್ತು ಕುದುರೆಗಳನ್ನು ಬಾಡಿಗೆಗೆ ತಂದು ಎಳೆಸಬೇಕಾಯಿತು. ದೇಶದ ಪರವಾಗಿ ಹೊರಟ ಮಹಾಯಾತ್ರೆಯ ಮೊದಲ ಸಹಾಯಕರು ಹೀಗೆ ದಂಡೆಯ ಒಕ್ಕಲುತನದ ಎತ್ತುಗಳಾದವು. ಅಕ್ಟೋಬರಿನಲ್ಲಿ ವಿಲಿಯಂ ಕ್ಲಾರ್ಕನು ಬಂದು ಸೇರಿದನು. ಅವನೊಡನೆ ಅವನ ಗುಲಾಮನಾಗಿದ್ದ ಯಾರ್ಕ್ ಎಂಬ ಕರಿಯ ವ್ಯಕ್ತಿಯೂ ಬಂದನು. ಯಾತ್ರೆಯ ಉದ್ದಕ್ಕೂ ಎಲ್ಲರ ಸಮನಾಗಿ ದುಡಿದ ಯಾರ್ಕನಿಗೆ ಮರಳಿ ಬಂದ ಮೇಲೆ ಸಂಬಳವೂ ದೊರೆಯಲಿಲ್ಲ, ಕೂಡಲೇ ಬಿಡುಗಡೆಯೂ ದೊರೆಯಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಮಿಸೌರಿಯು ಮಿಸ್ಸಿಸ್ಸಿಪ್ಪಿಯನ್ನು ಕೂಡುವ ಜಾಗದ ಎದುರು ದಂಡೆಯಲ್ಲಿ ಚಳಿಗಾಲ ಕಳೆದು, 1804ರ ಮೇ 14ರಂದು ದಂಡು ಮಿಸೌರಿಯನ್ನು ಹೊಕ್ಕಿತು. ಒಂದು ದೊಡ್ಡ ದೋಣಿ, ಎರಡು ಸಣ್ಣ ದೋಣಿ, ನಲವತ್ತಕ್ಕೂ ಮಿಕ್ಕ ಜನ. ನದಿಯ ಹರಿವಿಗೆ ಎದುರಾಗಿ ಹೋಗುವ ಕೆಲಸ. ಗಾಳಿ ಒದಗಿದರೆ ಪಟ. ಇಲ್ಲವಾದರೆ ಹುಟ್ಟು, ಜಲ್ಲೆ. ಅದೂ ಸಾಗದಾದರೆ ಎದೆಮಟ್ಟದ ನೀರಿನಲ್ಲಿ ನಿಂತು ಹಗ್ಗ ಹಿಡಿದು ಎಳೆಯುವುದು. ದಂಡೆ ಕುಸಿದು ಮೈಮೇಲೆ ಬೀಳುತ್ತಿತ್ತು. ಬುಡಮೇಲಾಗಿ ನೀರೊಳಗೆ ಹುದುಗಿದ ಮರಗಳು ದೋಣಿಯ ಹೊಟ್ಟೆ ಸೀಳಲು ಕಾದಿರುತ್ತಿದ್ದವು. ದಿನವೆಲ್ಲ ಬೆವರಿದರೂ ಹತ್ತು ಹದಿನೈದು ಮೈಲಿ ಮುಂದೆ ಹೋದರೆ ಅದೇ ಹೆಚ್ಚು. ಸೊಳ್ಳೆಗಳ ಕಾಟವನ್ನು ಅವರ ದಿನಚರಿಗಳು ಮತ್ತೆ ಮತ್ತೆ ಹೇಳುತ್ತವೆ. ಶಿಸ್ತು ಕಠೋರವಾಗಿತ್ತು; ಕಾವಲಿನಲ್ಲಿ ನಿದ್ರಿಸಿದ ಒಬ್ಬನಿಗೆ ನೂರು ಏಟುಗಳ ಶಿಕ್ಷೆಯಾಯಿತು. ಆಗಸ್ಟ್ 20ರಂದು ಚಾರ್ಲ್ಸ್ ಫ್ಲಾಯ್ಡ್ ಎಂಬ ತರುಣ ಸಾರ್ಜೆಂಟನು ಹೊಟ್ಟೆಬೇನೆಯಿಂದ ತೀರಿಕೊಂಡನು. ಅಪೆಂಡಿಕ್ಸ್ ಕೆರಳಿ ಒಡೆದಿರಬೇಕೆಂದು ವೈದ್ಯರ ಅಭಿಪ್ರಾಯ. ನದಿಯ ಮೇಲಣ ಗುಡ್ಡದ ಮೇಲೆ ಅವನನ್ನು ಹೂಳಿ, ಹತ್ತಿರದ ಹೊಳೆಗೆ ಅವನ ಹೆಸರಿಟ್ಟು ಮುನ್ನಡೆದರು. ಎರಡು ವರ್ಷ ನಾಲ್ಕು ತಿಂಗಳ ಆ ಯಾತ್ರೆಯಲ್ಲಿ ದಂಡಿನ ಸಾವು ಇದೊಂದೇ.

ಈ ನದಿ ಯಾರಿಗೂ ತಿಳಿಯದಿದ್ದ ನದಿಯೆಂದು ಬಗೆಯುವುದು ಸರಿಯಲ್ಲ. ಫ್ರೆಂಚ್ ವ್ಯಾಪಾರಿಗಳು ಅದರ ಕೆಳಭಾಗವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1796ರಲ್ಲಿಯೇ ಜಾನ್ ಇವಾನ್ಸ್ ಎಂಬ ವೇಲ್ಸ್ ದೇಶದ ತರುಣನು ಮ್ಯಾಂಡನ್ ಜನರ ಊರುಗಳವರೆಗೂ ಹೋಗಿ ನಕ್ಷೆ ಬರೆದಿದ್ದನು. ಆ ನಕ್ಷೆ ಲೂಯಿಸ್ ಕ್ಲಾರ್ಕರ ಪೆಟ್ಟಿಗೆಯಲ್ಲಿತ್ತು. ದಂಡಿನಲ್ಲಿ ದುಡಿಯುತ್ತಿದ್ದ ದೋಣಿಯಾಳುಗಳಲ್ಲಿ ಹಲವರು ಫ್ರೆಂಚ್ ತಂದೆಗೂ ಮೂಲನಿವಾಸಿ ತಾಯಿಗೂ ಹುಟ್ಟಿದವರು. ನದಿಯ ಸುಳಿಯನ್ನು ನೀರಿನ ಬಣ್ಣದಿಂದಲೇ ಅರಿಯುವವರು ಅವರು. ಹೊರಗಿನವನು ಅಜ್ಞಾತವೆಂದು ಕರೆದ ನೆಲದಲ್ಲಿ ಪ್ರತಿಯೊಂದು ತಿರುವಿಗೂ ಯಾರೋ ಒಬ್ಬರು ಇಟ್ಟ ಹೆಸರಿತ್ತು.

ಹೆಸರು ತಿಳಿಯಬೇಕಾದರೆ ಭಾಷೆ ಬೇಕು. ಭಾಷೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ 1804ರ ಸೆಪ್ಟೆಂಬರ್ 25ರ ಸಂಗತಿ. ಅದಕ್ಕೆ ಕೆಲವು ದಿನ ಮೊದಲು, ಸೂ ಜನರ ಮಾತು ಬಲ್ಲ ಡೋರಿಯನ್ ಎಂಬ ಮುದಿ ದುಭಾಷಿಯನ್ನು ಸಂಧಾನದ ಕೆಲಸಕ್ಕಾಗಿ ಒಂದು ಬುಡಕಟ್ಟಿನವರ ಬಳಿಯಲ್ಲಿಯೇ ಬಿಟ್ಟು ನಾಯಕರು ಮುಂದೆ ಬಂದಿದ್ದರು. ಈಗ ಎದುರಾದವರು ಅದೇ ಮಾತನಾಡುವ, ಅವರಿಗಿಂತ ಬಲಿಷ್ಠರಾದ ಲಕೋಟಾ ಜನ. ನದಿಯ ಮೇಲೆ ಹೋಗುವ ವ್ಯಾಪಾರಿಗಳಿಂದ ಸುಂಕ ಪಡೆಯುವುದು ಲಕೋಟಾ ಜನರ ರೂಢಿ. ಬಂದವರು ಕೊಟ್ಟ ಕಾಣಿಕೆ ಅವರಿಗೆ ಸಾಲದೆನಿಸಿತು. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲಿಲ್ಲ. ಅವರು ದೋಣಿಯ ಹಗ್ಗ ಹಿಡಿದರು. ಕ್ಲಾರ್ಕನು ಕತ್ತಿ ಹಿರಿದನು. ದಂಡೆಯ ಮೇಲೆ ನೂರಾರು ಬಿಲ್ಲುಗಳು ಸಿದ್ಧವಾದವು. ಲಕೋಟಾ ಮುಖಂಡನಾದ ಬ್ಲ್ಯಾಕ್ ಬಫಲೋ ಎಂಬವನು ಮುಂದೆ ಬಂದು ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡು ತನ್ನವರನ್ನು ಹಿಂದಕ್ಕೆ ಸರಿಸಿದನು. ಅವನ ವಿವೇಕದಿಂದ ಮಹಾಯಾತ್ರೆ ಅಲ್ಲಿಯೇ ಮುಗಿಯುವುದು ತಪ್ಪಿತು. ಒಬ್ಬ ಮುದಿ ದುಭಾಷಿಯ ಬೆಲೆ ನಾಯಕರಿಗೆ ಆ ದಿನ ತಿಳಿದಿರಬೇಕು.

ಮುಂದೆ ಅಕ್ಟೋಬರಿನಲ್ಲಿ ಅರಿಕಾರಾ ಜನರ ಊರುಗಳು ಬಂದವು. ಅಲ್ಲಿ ಕ್ಲಾರ್ಕನು ಕಂಡ ಒಂದು ನೋಟ ನಮ್ಮ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯುತ್ತದೆ. ಬಿರುಗಾಳಿಗೆ ನದಿಯಲ್ಲಿ ಎತ್ತರದ ತೆರೆಗಳೆದ್ದು ದಂಡಿನವರು ದೋಣಿ ಬಿಡಲು ಹಿಂಜರಿದ ದಿನದಲ್ಲಿ ಮೂವರು ಹೆಂಗಸರು ಗುಂಡಗಿನ ತೊಗಲುದೋಣಿಯಲ್ಲಿ ಕುಳಿತು ನದಿಯನ್ನು ದಾಟಿ ಬಂದರು. ಬಳುಕುವ ಕಡ್ಡಿಗಳ ಬುಟ್ಟಿ, ಅದರ ಮೇಲೆ ಕಾಡುಕೋಣದಂಥ ಬೈಸನ್ ಪ್ರಾಣಿಯ ಒಂದು ಇಡೀ ತೊಗಲು, ಕೈಯಲ್ಲಿ ಒಂದು ಹುಟ್ಟು. ಅಷ್ಟೇ. ಓದುಗರು ಈಗಾಗಲೇ ಗುರುತಿಸಿರಬೇಕು: ಅದು ನಮ್ಮ ಹರಿಗೋಲು!

ಕೃಷ್ಣೆ ತುಂಗಭದ್ರೆಯರ ದಂಡೆಗಳಲ್ಲಿ ಬಿದಿರಿನ ಬುಟ್ಟಿ ಹೆಣೆದು ತೊಗಲು ಹೊದಿಸಿದ ಹರಿಗೋಲು ಶತಮಾನಗಳಿಂದ ನಡೆದುಬಂದಿದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ವ್ಯಾಪಾರಿ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ಇದನ್ನು ಕಂಡು, ಹದಿನೈದು ಇಪ್ಪತ್ತು ಜನ ಕೂಡುವ ಈ ದೋಣಿಗಳು ಸುತ್ತುತ್ತ ಸುತ್ತುತ್ತ ಸಾಗುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಲೂಯಿಸನು ಪಿಟ್ಸ್‌ಬರ್ಗ್ ಬಿಡುವ ಅದೇ 1803ನೆಯ ವರ್ಷದ ಮಾರ್ಚಿನಲ್ಲಿ ಇಂಗ್ಲಿಷರ ಸೇನಾನಿ ಆರ್ಥರ್ ವೆಲ್ಲೆಸ್ಲಿಯು ಹರಿಹರದಿಂದ ಹೊರಟು, ನಮ್ಮ ಈ ನದಿಗಳನ್ನೆಲ್ಲ ದಾಟಿ, ಮಿರಜ ಮಾರ್ಗವಾಗಿ ಏಪ್ರಿಲ್ 20ರಂದು ಪುಣೆಯನ್ನು ಮುಟ್ಟಿದನು. ಮಳೆಗಾಲದಲ್ಲಿ ಹೊಳೆಗಳು ತುಂಬಿದಾಗ ಸೈನ್ಯಕ್ಕೆ ಧಾನ್ಯ ಬರುವ ದಾರಿ ಕಡಿಯದಿರಲೆಂದು ಅವನು ಪತ್ರದ ಮೇಲೆ ಪತ್ರ ಬರೆದು ಸಿದ್ಧಪಡಿಸಲು ಹೇಳಿದ್ದು ಯಾವ ದೋಣಿಯನ್ನು? ತೊಗಲಿನ ಬುಟ್ಟಿದೋಣಿಯನ್ನೇ. ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆ ಸೇನಾನಿಯು ನಮ್ಮ ನದಿಗಳ ವಿಷಯದಲ್ಲಿ ನಮ್ಮ ಅಂಬಿಗರ ಜಾಣ್ಮೆಯನ್ನು ನಂಬಿದನು.

ಎರಡು ಖಂಡಗಳ ನದಿದಂಡೆಯ ಜನ ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ಬಗೆಯ ದೋಣಿಯನ್ನು ಕಂಡುಕೊಂಡುದು ಹೇಗೆ? ಆಳ ಕಡಿಮೆ, ಬಂಡೆ ಹೆಚ್ಚು, ಹರಿವು ಬಿರುಸು. ಇಂಥ ನದಿಗೆ ತಳ ಚಪ್ಪಟೆಯಾದ, ಬಡಿದರೆ ಬಾಗುವ, ಹೊತ್ತುಕೊಂಡು ಹೋಗಲು ಹಗುರವಾದ ದೋಣಿ ಬೇಕು. ಕೈಗೆ ಸಿಗುವುದು ಬಳುಕುವ ಕಡ್ಡಿ ಮತ್ತು ತೊಗಲು. ನದಿಯೇ ಕಲಿಸಿದ ಪಾಠವಾದುದರಿಂದ ಎರಡೂ ಕಡೆ ಉತ್ತರ ಒಂದೇ ಆಯಿತು.

ಅಕ್ಟೋಬರ್ ಕೊನೆಗೆ ದಂಡು ಮ್ಯಾಂಡನ್ ಮತ್ತು ಹಿಡಾಟ್ಸಾ ಜನರ ಐದು ಊರುಗಳನ್ನು ತಲುಪಿತು. ಅಲ್ಲಿ ಸುಮಾರು ನಾಲ್ಕೂವರೆ ಸಾವಿರ ಜನರಿದ್ದರು. ಆಗಿನ ಸೇಂಟ್ ಲೂಯಿಸ್ ಪಟ್ಟಣಕ್ಕಿಂತಲೂ ಅದು ದೊಡ್ಡ ವಸತಿ. ಮಣ್ಣು ಹೊದಿಸಿದ ದುಂಡನೆಯ ಮನೆಗಳು. ಹೊಲದ ಕೆಲಸವೆಲ್ಲ ಹೆಂಗಸರದು. ಗೋವಿನಜೋಳ, ಅವರೆಯಂಥ ಕಾಳು, ಕುಂಬಳ ಅವರ ಬೆಳೆ. ಬೆಳೆದುದನ್ನು ನೆಲದಲ್ಲಿ ಆಳವಾಗಿ ತೋಡಿದ ಕುಣಿಗಳಲ್ಲಿ ತುಂಬಿ ಬಾಯಿ ಮುಚ್ಚಿ ಚಳಿಗಾಲಕ್ಕೆ ಇಡುತ್ತಿದ್ದರು. ನಮ್ಮ ಹಿರಿಯರ ಹಗೇವಿನ ನೆನಪಾಗದೆ ಇರದು. ತಮ್ಮಲ್ಲಿ ಕಾಳಿದ್ದರೆ ಬಂದವರಿಗೂ ಇರುವುದು, ಇಲ್ಲದಿದ್ದರೆ ಇಬ್ಬರೂ ಹಸಿಯುವುದು ಎಂಬ ಅರ್ಥದಲ್ಲಿ ಮ್ಯಾಂಡನ್ ಮುಖಂಡ ಶೆಹೆಕೆಯು ಅಭಯ ಕೊಟ್ಟನು. ದಂಡಿನವರು ಹತ್ತಿರದಲ್ಲಿ ಮರದ ಕೋಟೆ ಕಟ್ಟಿಕೊಂಡು ಐದು ತಿಂಗಳು ತಂಗಿದರು.

ಡಿಸೆಂಬರ್ 17ರಂದು ಫ್ಯಾರನ್‌ಹೀಟ್ ಉಷ್ಣಮಾಪಕದಲ್ಲಿ ಶೂನ್ಯಕ್ಕಿಂತ 45 ಅಂಶ ಕೆಳಗಿನ ಚಳಿ. ಅಂಥ ಚಳಿಗಾಲದಲ್ಲಿ ದಂಡಿನ ಹೊಟ್ಟೆ ತುಂಬಿಸಿದ್ದು ಕಮ್ಮಾರರ ಕುಲುಮೆ. ಗುದ್ದಲಿ ತಿದ್ದಿ, ಕೈಗೊಡಲಿ ಬಡಿದು ಕೊಟ್ಟು ಜೋಳ ಪಡೆದರು. ಸುಟ್ಟುಹೋದ ಹಳೆಯ ಒಲೆಯ ತಗಡನ್ನು ನಾಲ್ಕು ಅಂಗುಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೂರಿಗೂ ಒಂದೆರಡು ಕೊಡದಷ್ಟು ಕಾಳು ಕೊಂಡರು. ಫೌಂಡ್ರಿಗಳ ನಮ್ಮ ಊರಿನಲ್ಲಿ ಕುಲುಮೆಯಿಂದ ಬುತ್ತಿ ಬರುವುದು ಹೊಸ ಮಾತಲ್ಲ. ಸೋಜಿಗವೆಂದರೆ, ಆ ಕೋಟೆಯಲ್ಲಿ ಬಡಿದ ಒಂದು ಕೊಡಲಿಯನ್ನು ದಂಡಿನವರು 1806ರಲ್ಲಿ ಪರ್ವತಗಳ ಆಚೆಯ ಜನರ ಕೈಯಲ್ಲಿ ಕಂಡರು! ಯಾತ್ರಿಕರು ದಾರಿ ಹುಡುಕುತ್ತಿದ್ದ ನೆಲದಲ್ಲಿ ಕೈಯಿಂದ ಕೈಗೆ ಸಾಗುವ ವ್ಯಾಪಾರದ ದಾರಿ ಅದಾಗಲೇ ಚೆನ್ನಾಗಿ ನಡೆದಿತ್ತು.

ನಮ್ಮ ಎಣಿಕೆಯಲ್ಲಿ ಆ ಯಾತ್ರೆಯ ತಿರುಳು ಈ ಐದು ತಿಂಗಳುಗಳಲ್ಲಿದೆ. ಬಂದೂಕನ್ನು ಗೂಟಕ್ಕೆ ತೂಗುಹಾಕಿ ನಾಯಕರು ಕೇಳಲು ಕುಳಿತರು. ಪಶ್ಚಿಮಕ್ಕೆ ದಂಡೆತ್ತಿ ಹೋಗಿ ಬಂದ ಹಿಡಾಟ್ಸಾ ಹಿರಿಯರು ನೆಲದ ಮೇಲೆ ಗೆರೆ ಎಳೆದು ನದಿಯ ಮುಂದಿನ ದಾರಿ ತಿಳಿಸಿದರು: ಇಂಥಲ್ಲಿ ಒಂದು ಉಪನದಿ, ಇಂಥಲ್ಲಿ ದೊಡ್ಡ ಜಲಪಾತ, ಅದರಾಚೆ ಪರ್ವತ, ಪರ್ವತದಲ್ಲಿ ಕುದುರೆ ಸಾಕುವ ಶೊಶೋನಿ ಜನ. ಕ್ಲಾರ್ಕನು ಅದನ್ನೆಲ್ಲ ಕಾಗದಕ್ಕೆ ಇಳಿಸಿದನು.

ಪರ್ವತ ದಾಟಲು ಕುದುರೆ ಬೇಕು, ಕುದುರೆ ಕೊಳ್ಳಲು ಶೊಶೋನಿ ಭಾಷೆ ಬೇಕು. ಡೋರಿಯನ್ನನನ್ನು ಬಿಟ್ಟುಬಂದ ಪಾಠವನ್ನು ನಾಯಕರು ಮರೆತಿರಲಿಲ್ಲ. ಹಿಡಾಟ್ಸಾ ಊರಿನಲ್ಲಿ ಷಾರ್ಬೊನೊ ಎಂಬ ಫ್ರೆಂಚ್ ವ್ಯಾಪಾರಿಯಿದ್ದನು. ಅವನ ಹೆಂಡತಿ ಸಕಗವಿಯಾ ಶೊಶೋನಿ ಕುಲದವಳು. ಎಳವೆಯಲ್ಲಿ ಹಿಡಾಟ್ಸಾ ಜನರ ದಾಳಿಯಲ್ಲಿ ಸೆರೆಸಿಕ್ಕು ಇಲ್ಲಿಗೆ ಬಂದವಳು. ಇನ್ನೂ ಹದಿನಾರು ಹದಿನೇಳರ ಹುಡುಗಿ. ಆಕೆಗೆ ತವರಿನ ಮಾತೂ ಬರುತ್ತಿತ್ತು, ಬಂದ ಊರಿನ ಮಾತೂ ಬರುತ್ತಿತ್ತು. ನಾಯಕರು ಷಾರ್ಬೊನೊನನ್ನು ಕೆಲಸಕ್ಕಿಟ್ಟುಕೊಂಡದ್ದು ಬಹುಮಟ್ಟಿಗೆ ಆಕೆಗಾಗಿ. 1805ರ ಫೆಬ್ರುವರಿ 11ರಂದು ಆಕೆ ಗಂಡುಮಗುವನ್ನು ಹೆತ್ತಳು. ಎರಡು ತಿಂಗಳೂ ತುಂಬದ ಆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಳು. ಮುಂದೆ ಶೊಶೋನಿ ಜನರೊಡನೆ ಕುದುರೆಯ ಮಾತು ನಡೆದುದು ಹೀಗೆ: ಶೊಶೋನಿಯಿಂದ ಹಿಡಾಟ್ಸಾಕ್ಕೆ ಆಕೆ, ಹಿಡಾಟ್ಸಾದಿಂದ ಫ್ರೆಂಚಿಗೆ ಗಂಡ, ಫ್ರೆಂಚಿನಿಂದ ಇಂಗ್ಲಿಷಿಗೆ ಲಬೀಶ್ ಎಂಬ ದೋಣಿಯಾಳು. ಎರಡು ಭಾಷೆಗಳ ನಡುವೆ ಬದುಕುವವರನ್ನು ಎರಡೂ ಕಡೆಯವರು ಅರೆಬರೆಯವರೆಂದು ಕಾಣುವುದುಂಟು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಾವು ಅದನ್ನು ಬಲ್ಲೆವು. ಒಂದು ರಾಷ್ಟ್ರದ ಮಹಾಯಾತ್ರೆಯು ಪರ್ವತವನ್ನು ದಾಟಿದುದು ಅಂಥವರ ನಾಲಗೆಯ ಮೇಲೆ.

1805ರ ಏಪ್ರಿಲ್ 7ರಂದು ದೊಡ್ಡ ದೋಣಿಯನ್ನು ಸಂಗ್ರಹಗಳೊಡನೆ ಹಿಂದಕ್ಕೆ ಕಳುಹಿಸಿ, ಮಗುವೂ ಸೇರಿದಂತೆ 33 ಜನರು ಆರು ಮರಗೊಡೆದ ದೋಣಿ, ಎರಡು ಹಳೆಯ ದೋಣಿಗಳಲ್ಲಿ ಪಶ್ಚಿಮಕ್ಕೆ ಹೊರಟರು. ಜೂನ್ ಆರಂಭದಲ್ಲಿ ನದಿ ಕವಲೊಡೆಯಿತು. ಒಂದು ಕವಲು ಇದುವರೆಗಿನ ಮಿಸೌರಿಯಂತೆಯೇ ಕದಡಿದ ನೀರಿನದು, ಇನ್ನೊಂದು ತಿಳಿನೀರಿನದು. ದಂಡಿನವರೆಲ್ಲ ಕದಡಿದ ಉತ್ತರದ ಕವಲೇ ನಿಜವಾದ ನದಿಯೆಂದರು. ನಾಯಕರಿಬ್ಬರು ಮಾತ್ರ ತೆಂಕಣದ ತಿಳಿನೀರನ್ನು ಆರಿಸಿಕೊಂಡರು. ಹಿಡಾಟ್ಸಾ ಹಿರಿಯರು ಹೇಳಿದ ಜಲಪಾತ ಸಿಕ್ಕರೆ ತಮ್ಮ ಎಣಿಕೆ ಸರಿ, ಇಲ್ಲವಾದರೆ ತಪ್ಪು ಎಂದರು. ಜೂನ್ 13ರಂದು ಮುಂದೆ ಹೋಗಿದ್ದ ಲೂಯಿಸನಿಗೆ ಹೊಗೆಯಂತೆ ಏಳುವ ತುಂತುರು ಕಂಡಿತು, ಮೊರೆತ ಕೇಳಿಸಿತು. ಮಣ್ಣಿನ ಮನೆಯಲ್ಲಿ ಕುಳಿತು ಕೇಳಿದ ಮಾತು ನಿಜವಾಯಿತು.

ಒಂದರ ಮೇಲೊಂದು ಐದು ಜಲಪಾತಗಳು. ದೋಣಿ ಸಾಮಾನುಗಳನ್ನು ಹದಿನೆಂಟು ಮೈಲಿ ನೆಲದ ಮೇಲೆ ಎಳೆಯಲು ಬಹುಪಾಲು ಒಂದು ತಿಂಗಳು ಹಿಡಿಯಿತು. ಲೂಯಿಸನು ತನ್ನ ಕಬ್ಬಿಣದ ದೋಣಿಗೆ ಕಾದಿದ್ದ ಸಮಯ ಈಗ ಬಂದಿತು. ಚೌಕಟ್ಟನ್ನು ಜೋಡಿಸಿ 28 ಕಡವೆಯ ತೊಗಲು, 4 ಬೈಸನ್ ತೊಗಲು ಹೊಲಿದು ಹೊದಿಸಿದರು. ಹೊಲಿಗೆಯ ತೂತು ಮುಚ್ಚಲು ದೇವದಾರಿನಂಥ ಮರದ ಅಂಟು ಬೇಕು. ಆ ಬಯಲಿನಲ್ಲಿ ಅಂಥ ಮರವೇ ಇಲ್ಲ. ಇದ್ದಿಲು, ಜೇನುಮೇಣ, ಕೊಬ್ಬು ಕಲಸಿ ಬಳಿದರು. ಜುಲೈ 9ರಂದು ನೀರಿಗಿಳಿಸಿದಾಗ ದೋಣಿ ಬೆಂಡಿನಂತೆ ತೇಲಿತು. ಲೂಯಿಸನ ಹರ್ಷ ಸಂಜೆಯವರೆಗೂ ಉಳಿಯಲಿಲ್ಲ. ಮೆತ್ತಿದ ಮಿಶ್ರಣ ಕಳಚಿ ಹೊಲಿಗೆಗಳಲ್ಲೆಲ್ಲ ನೀರು ನುಗ್ಗಿತು. ಕೂದಲು ಪೂರ್ತಿ ತೆಗೆಯದೆ ಬಿಟ್ಟಿದ್ದ ಬೈಸನ್ ತೊಗಲುಗಳು ಮಾತ್ರ ಚೆನ್ನಾಗಿ ತಡೆದವೆಂದು ಅವನು ತಡವಾಗಿ ಕಂಡನು. ದಂಡೆಯ ಹೆಂಗಸರ ದೋಣಿಯಲ್ಲಿ ಇದ್ದುದೂ ಅದೇ: ಕೂದಲುಸಹಿತವಾದ, ಹೊಲಿಗೆಯಿಲ್ಲದ ಒಂದೇ ತೊಗಲು. ಎರಡು ವರ್ಷ ಹೊತ್ತು ತಂದ ಕಬ್ಬಿಣವನ್ನು ಬಿಚ್ಚಿ ಹೂಳಿ, ಮರ ಕಡಿದು ದೋಣಿ ಕೊರೆದುಕೊಂಡು ಅವರು ಮುಂದೆ ಹೋದರು.

ಮರಳುವಾಗ, 1806ರಲ್ಲಿ, ಕುದುರೆಗಳನ್ನು ಕಳೆದುಕೊಂಡು ದಿಕ್ಕುಗೆಟ್ಟ ಸಾರ್ಜೆಂಟ್ ಪ್ರಯರ್ ಮತ್ತು ಅವನ ಸಂಗಡಿಗರು ಎರಡು ಬೈಸನ್ ಹೊಡೆದು, ಮ್ಯಾಂಡನ್ನರಲ್ಲಿ ಕಂಡ ಬಗೆಯಲ್ಲಿ ಎರಡು ಹರಿಗೋಲು ಕಟ್ಟಿದರು. ಏಳಡಿಗೆ ತುಸು ಮಿಕ್ಕ ಅಗಲದ ಆ ಬುಟ್ಟಿಗಳು ಬಂಡೆಗಳ ನಡುವಿನ ಬಿರುಹರಿವಿನಲ್ಲಿ ಹನಿ ನೀರೂ ಒಳಬಿಡದೆ ಅವರನ್ನು ದಂಡಿನೊಡನೆ ಸೇರಿಸಿದವು.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ದಾರಿ ತೋರಿದವರ ಪಾಡು ಮುಂದೆ ಏನಾಯಿತೆಂಬುದನ್ನು ಹೇಳದಿದ್ದರೆ ನಾವು ಅರ್ಧ ಕಥೆ ಹೇಳಿದಂತೆ. ಆ ದಾರಿ ಹಿಡಿದು ವ್ಯಾಪಾರಿಗಳು ಬಂದರು, ಉಗಿದೋಣಿ ಬಂದಿತು, ದೋಣಿಯೊಡನೆ ಸಿಡುಬು ಬಂದಿತು. 1837ರ ಸಿಡುಬಿನಲ್ಲಿ ಮ್ಯಾಂಡನ್ ಜನ ನೂರರ ಎಣಿಕೆಗೆ ಇಳಿದರು. ಉಳಿದವರು ಹಿಡಾಟ್ಸಾ, ಅರಿಕಾರಾಗಳೊಡನೆ ಕೂಡಿ ನದಿದಂಡೆಯಲ್ಲಿ ಮತ್ತೆ ಬೇಸಾಯ ಹೂಡಿದರು. 1953ರಲ್ಲಿ ಮುಗಿದ ಗ್ಯಾರಿಸನ್ ಅಣೆಕಟ್ಟು ಅವರ ಒಂದೂವರೆ ಲಕ್ಷ ಎಕರೆ ನೆಲವನ್ನು ಮುಳುಗಿಸಿತು. ಅವರ ಒಳ್ಳೆಯ ಹೊಲಗಳೆಲ್ಲ ಅದರಲ್ಲಿ ಹೋದವು. ಆ ಜಲಾಶಯಕ್ಕೆ ಇಟ್ಟ ಹೆಸರು ಸಕಗವಿಯಾಳದು. ಆಲಮಟ್ಟಿಯ ನೀರಿನಲ್ಲಿ ಮನೆಮಠ ಕಳೆದುಕೊಂಡ ಬಂಧುಗಳುಳ್ಳ ವಾಚಕರಿಗೆ ಈ ಮಾತಿನ ಭಾರ ತಿಳಿಯುತ್ತದೆ. ಕೇಳಿ ತಿಳಿದುಕೊಂಡವರು ಕೊಟ್ಟವರ ಋಣವನ್ನು ತೀರಿಸದೆ ಹೋದರೆ ಎಂಥ ಅನ್ಯಾಯವಾಗುತ್ತದೆಂಬುದಕ್ಕೆ ಮಿಸೌರಿ ನದಿ ಇಂದಿಗೂ ಸಾಕ್ಷಿ.

ಆ ಯಾತ್ರೆಯ ಒಂದು ರೂಢಿಯನ್ನು ಮಾತ್ರ ನಾವು ಮನಸಾರೆ ಮೆಚ್ಚಬೇಕು. ನಾಯಕರು ಬರೆದರು, ಸಾರ್ಜೆಂಟರಿಗೂ ಬರೆಯಲು ಆಜ್ಞೆಯಿತ್ತು, ಕಾಗುಣಿತ ಸರಿಬಾರದವರೂ ಬರೆದರು. ಆದ್ದರಿಂದಲೇ ಬಿರುಗಾಳಿಯಲ್ಲಿ ನದಿ ದಾಟಿದ ಆ ಮೂವರು ಹೆಂಗಸರು ಇಂದಿಗೂ ನಮ್ಮ ಕಣ್ಣಿಗೆ ಕಾಣುತ್ತಾರೆ.

ನಮ್ಮ ನದಿಗಳಿಗೆ ಅಂಥ ದಿನಚರಿ ಎಲ್ಲಿದೆ? ರಾಜಾರಾಮ ಬಂಧಾರದಲ್ಲಿ ಪಂಚಗಂಗೆ 39 ಅಡಿಗೇರಿದರೆ ಎಚ್ಚರಿಕೆ, 43ಕ್ಕೇರಿದರೆ ಅಪಾಯವೆಂದು ಇಂದು ಅಂಕಿಗಳು ಹೇಳುತ್ತವೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳಲ್ಲಿ ನೀರು ಆ ಗೆರೆಯನ್ನು ಬಹು ಎತ್ತರಕ್ಕೆ ಮೀರಿತು. ಅಂಕಿಗಳು ಬೇಕು. ಅವುಗಳ ಜೊತೆಗೆ, ಯಾವ ಮಡುವಿನಲ್ಲಿ ಸುಳಿಯಿದೆ, ಪೂರ ಬಂದಾಗ ನೀರು ಮೊದಲು ಯಾವ ಓಣಿಯನ್ನು ಹೊಗುತ್ತದೆ, ಹಿಂದಿನ ಮಹಾಪೂರದಲ್ಲಿ ದೇವಸ್ಥಾನದ ಎಷ್ಟನೆಯ ಮೆಟ್ಟಿಲು ಮುಳುಗಿತ್ತು, ಹರಿಗೋಲಿಗೆ ಎಂಥ ಬಿದಿರು ಬೇಕು ಎಂಬ ತಿಳಿವಳಿಕೆಯೂ ಬೇಕು. ಅದು ಅಂಬಿಗರ, ಕೋಳಿಗಳ, ದಂಡೆಯ ಒಕ್ಕಲಿಗರ ನೆನಪಿನಲ್ಲಿದೆ. ಕೆಲವು ಮಾತು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ. ಒಬ್ಬೊಬ್ಬ ಹಿರಿಯರು ಕಣ್ಣು ಮುಚ್ಚಿದಂತೆ ಅದರ ಒಂದೊಂದು ಹಾಳೆ ಹರಿದುಹೋಗುತ್ತಿದೆ.

ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ ನಮ್ಮದೊಂದು ಬಿನ್ನಹ. ಬರುವ ಮಳೆಗಾಲಕ್ಕೆ ಮುನ್ನ ಒಂದು ವಹಿ ಕೊಟ್ಟು ಮಗುವನ್ನು ಅಜ್ಜನ ಬಳಿ ಕೂರಿಸಿರಿ. ಅಜ್ಜ ಹೇಳಿದುದನ್ನು ಹೇಳಿದ ಮಾತಿನಲ್ಲಿಯೇ, ತಿಥಿ ಊರು ಸಹಿತ, ಮಗು ಬರೆದುಕೊಳ್ಳಲಿ. ನಮ್ಮ ಗಡಿನಾಡಿನ ಮಕ್ಕಳಿಗೆ ಎರಡು ಭಾಷೆ ಬರುವುದರಿಂದ ಅವರಿಗೆ ದುಭಾಷಿಯನ್ನು ಹುಡುಕುವ ತೊಂದರೆಯೂ ಇಲ್ಲ.